ಕಾಶೆವ್ವನ ಮಗಳಿಗೆ ಇಪ್ಪತ್ತು ದಿನದ ಇಂಗ್ಲಿಷ್

ಹೋಲಿಸುವುದು ನನ್ನ ಕಸುಬು. ಮೂಡಲಗಿಯ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಟಾಲ್, ಟಾಲರ್, ಟಾಲೆಸ್ಟ್ ಅಂತ ಮೂರು ಮಕ್ಕಳನ್ನು ಎತ್ತರದ ಪ್ರಕಾರ ಬೋರ್ಡಿನ ಮುಂದೆ ನಿಲ್ಲಿಸದ ವರ್ಷವಿಲ್ಲ. ಕಸುಬು ಅಂದೆ, ಖರೆ ಹೇಳಬೇಕೆಂದರೆ ಅದು ಚಟ. ಸಂತೆಯಲ್ಲಿ ಎರಡು ಬದನೆಕಾಯಿ ಕೈಗೆ ಬಂದರೆ ಯಾವುದು ಮೇಲು ಅಂತ ತೀರ್ಮಾನ ಆಗುವ ತನಕ ಹಿಂದೆ ನಿಂತವರಿಗೆ ದಾರಿ ಬಿಡುವುದಿಲ್ಲ. ನನ್ನ ಗಂಡ ಹಣಮಂತ ಅನ್ನುತ್ತಾನೆ, "ದಾಕ್ಷಿ, ನಿನ್ನ ಮುಂದ ದೇವರು ಬಂದ ನಿಂತ್ರೂ ಬಾಜೂ ಗುಡಿ ದೇವರ ಜೋಡಿ ಅಳತಿ ಹಚ್ಚತಿ."

ಈ ಚಟ ಹತ್ತಿದ್ದು ಅಂಕಲಗಿಯ ತವರುಮನೆಯಲ್ಲಿ. ನಾವಿಬ್ಬರೇ ಹೆಣ್ಣುಮಕ್ಕಳು. ಅಕ್ಕ ಕಾಶೆವ್ವ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಅವಳ ರೊಟ್ಟಿ ನನ್ನ ರೊಟ್ಟಿಗಿಂತ ತೆಳು, ಅವಳ ಜಡೆ ನನ್ನ ಜಡೆಗಿಂತ ಉದ್ದ, ಅವಳ ಮಾತು ನನ್ನ ಮಾತಿಗಿಂತ ಮೆತ್ತಗೆ. ಏಳನೇತ್ತಕ್ಕೇ ಸಾಲೆ ಬಿಟ್ಟಳು, ಅದೊಂದರಲ್ಲಿ ನಾನು ಗೆದ್ದೆ. ಅವಳನ್ನು ಹುಕ್ಕೇರಿಯ ಭಾಂಡೆ ಅಂಗಡಿಯ ಈಶ್ವರನಿಗೆ ಕೊಟ್ಟರು, ನನ್ನನ್ನು ಮೂಡಲಗಿಯಲ್ಲಿ ಕಾಲುವೆಗೆ ನೀರು ಬಿಡುವ ಹಣಮಂತನಿಗೆ. ಅವರ ಮನೆಯಲ್ಲಿ ಎಲ್ಲಿ ನೋಡಿದರೂ ಸ್ಟೀಲಿನ ಕೊಡ ಫಳಫಳ ಹೊಳೆಯುತ್ತಿದ್ದವು. ನಮ್ಮ ಮನೆಯಲ್ಲಿ ಕಾಲುವೆಯ ಕೆಸರು ಮೆತ್ತಿದ ಬೂಟು.

ತವರಿಂದ ಹೊರಡುವಾಗ ಅವ್ವ ಇಬ್ಬರಿಗೂ ಉಡಿ ತುಂಬುತ್ತಿದ್ದಳು. ಸೆರಗು ಒಡ್ಡಿದರೆ ಅದರಲ್ಲಿ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಮೇಲೊಂದು ಜಂಪರ್ ಪೀಸು. ಉಡಿ ತುಂಬಿದ ಮೇಲೆ ಮಗಳು ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ತವರಿನ ಅಕ್ಕಿ ಡಬ್ಬಿಗೆ ವಾಪಸು ಹಾಕಬೇಕು, ಹಾಕಿಯೇ ಹೊಸ್ತಿಲು ದಾಟಬೇಕು. ಮಗಳು ಹೋದಳೆಂದು ಆ ಮನೆ ಬರಿದಾಗಬಾರದು, ಅದಕ್ಕೆ. ಇದು ಹುಟ್ಟಿದ ಮನೆಗೆ ಮಾತ್ರ ಇರುವ ಪದ್ಧತಿ. ಬೇರೆ ಯಾರ ಮನೆಯಲ್ಲಿ ಉಡಿ ತುಂಬಿಸಿಕೊಂಡರೂ ಒಂದು ಕಾಳು ಬಿಡದೆ ಕಟ್ಟಿಕೊಂಡು ಬರಬೇಕು. ನಾನು ಎಂಥ ಜಾತಿಯವಳೆಂದರೆ, ಒಮ್ಮೆ ಮನೆಗೆ ಬಂದವಳೇ ಉಡಿಯ ಅಕ್ಕಿಯನ್ನು ಸೇರಿನಲ್ಲಿ ಅಳೆದು ಹುಕ್ಕೇರಿಗೆ ಫೋನ್ ಮಾಡಿದ್ದೆ. "ನಿನಗೆಷ್ಟ ಬಂತು?" ಅಕ್ಕ ನಕ್ಕಳು. "ಕಡಿಮಿ ಬಿದ್ದಿದ್ರ ಹೇಳು, ನಂದೂ ಕಳಸ್ತೇನಿ." ಇಂಥವರ ಜೊತೆ ಜಗಳವಾದರೂ ಹೇಗೆ ಮಾಡುವುದು.

ಅಕ್ಕನಿಗೆ ಇಲ್ಲದ್ದು ಒಂದೇ, ಮಕ್ಕಳು. ಮದುವೆಯಾಗಿ ಹನ್ನೊಂದು ವರ್ಷ ಕಳೆದಾಗ ಅವಳ ಅತ್ತೆ ಈಶ್ವರನಿಗೆ ಎರಡನೇ ಹೆಣ್ಣು ನೋಡಲು ಶುರುಮಾಡಿದಳು. ಆಗ ನನ್ನ ಮಗ ಅಭಿಷೇಕನಿಗೆ ಎರಡು ವರ್ಷ, ಮಗಳು ನೇತ್ರಾ ಮೂರು ತಿಂಗಳ ಕೂಸು. ಅವ್ವ ನನ್ನನ್ನು ಅಂಕಲಗಿಗೆ ಕರೆಸಿ ಒಂದೇ ಮಾತು ಹೇಳಿದಳು. "ನಿನಗಿನ್ನೂ ಹಡಿಯೂ ವಯಸ್ಸೈತಿ. ಕಾಶಿ ಮನಿ ಉಳೀಬೇಕು."

ನಾನು ಆಗಲಿ ಅಂದೆ. ಯಾಕಂದೆ ಅಂತ ಈಗ ಕೇಳಿದರೆ ಅಕ್ಕನ ಮೇಲಿನ ಪ್ರೀತಿ ಅಂತ ಹೇಳುತ್ತೇನೆ, ಅದು ಅರ್ಧ ಖರೆ. ಉಳಿದ ಅರ್ಧ ಸೊಕ್ಕು. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಹತ್ತಿರ ಅಕ್ಕನಿಗಿಂತ ಹೆಚ್ಚು ಇತ್ತು. ಕಾಶೆವ್ವ ಸೆರಗು ಒಡ್ಡಿ ಕೂತಳು, ನಾನು ಕೂಸನ್ನು ಅವಳ ಉಡಿಯಲ್ಲಿ ಹಾಕಿದೆ. ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದೆ: ಕಾಶೆವ್ವ ತಾನಾಗಿ ಹೇಳುವ ತನಕ ನಾನು ಆ ಕೂಸಿಗೆ ಏನನ್ನೂ ಹೇಳುವುದಿಲ್ಲ. "ಕೊಟ್ಟ ಹೆಣ್ಣು ಕುಲಕ್ಕ ಹೊರಗ, ನೆನಪಿಟ್ಕೋ," ಅಂದಳು ಅವ್ವ. ಅವರ ಬಸ್ಸು ಹೋದ ಮೇಲೆ ಹಾಲು ಬತ್ತಲಿ ಅಂತ ನನ್ನ ಎದೆಗೆ ಮಲ್ಲಿಗೆ ಮೊಗ್ಗು ಕಟ್ಟಿದರು. ಈಗಲೂ ಯಾರಾದರೂ ಮಲ್ಲಿಗೆ ಮುಡಿದು ಪಕ್ಕದಲ್ಲಿ ಕೂತರೆ ನಾನು ಎದ್ದು ಜಾಗ ಬದಲಿಸುತ್ತೇನೆ.

ಇನ್ನೊಂದು ಹಡೆದರಾಯಿತು ಅಂದುಕೊಂಡಿದ್ದೆ. ಆಗಲಿಲ್ಲ.

ಅಕ್ಕನಿಗೆ ಊರ ಬಾಯಿಗೆ ಬೀಗ ಹಾಕುವ ವಿದ್ಯೆ ಗೊತ್ತಿತ್ತು. ಅವಳೆದುರು ಯಾರೂ ಆ ಮಾತು ಎತ್ತಲಿಲ್ಲ. ಅವ್ವನೂ ತೀರಿಕೊಂಡಳು. ನೇತ್ರಾಳನ್ನು ವರ್ಷಕ್ಕೆ ಮೂರು ಸಲ ನೋಡುತ್ತಿದ್ದೆ, ಅದೂ ನಾಲ್ಕು ಜನರ ನಡುವೆ. ಒಂದು ದಿನವೂ ಅಕ್ಕ ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗಲಿಲ್ಲ. ಹುಡುಗಿ ಅಕ್ಕನಿಗೆ "ಅವ್ವಾ, ನೀ ಇಲ್ಲಿ ಬಾ" ಅನ್ನುತ್ತಿದ್ದಳು. ನನಗೆ "ಸಣ್ಣವ್ವಾ, ನೀವು ಬರ್ರಿ." ಆ ಮರ್ಯಾದೆ ಇದೆಯಲ್ಲ, ಅದು ನನಗೆ ಹೊಡೆದ ಹಾಗೆ ಆಗುತ್ತಿತ್ತು.

ಅವ್ವ ಇನ್ನೂ ಇದ್ದಾಗ, ಹುಡುಗಿಗೆ ಏಳು ವರ್ಷವಿದ್ದಾಗ, ಅಂಕಲಗಿಯಲ್ಲಿ ಒಂದು ತಮಾಷೆ ನಡೆದಿತ್ತು. ನಾವಿಬ್ಬರೂ ಉಡಿಯಿಂದ ಹಿಡಿ ಅಕ್ಕಿ ವಾಪಸು ಹಾಕುವುದನ್ನು ನೋಡಿ ಅವಳೂ ತನ್ನ ಫ್ರಾಕಿನಲ್ಲಿದ್ದ ಅಕ್ಕಿ ತೆಗೆದು ಡಬ್ಬಿಗೆ ಹಾಕಿದಳು. ಅವ್ವ ನಕ್ಕು ಅವಳ ಕೈ ಹಿಡಿದಳು. "ಏ ಹುಚ್ಚಿ, ಇದು ನಿಮ್ಮವ್ವನ ತವರು. ನೀ ಹಾಕೂದಿದ್ರ ನೀ ಹುಟ್ಟಿದ ಮನ್ಯಾಗ ಹಾಕಬೇಕು."

"ನಾ ಹುಟ್ಟಿದ ಮನಿ ಯಾವ್ದು ಆಯಿ?"

"ಹುಕ್ಕೇರಿ," ಅಂದಳು ಅವ್ವ. ನಾನು ಮೂರು ಮಾರು ದೂರದಲ್ಲಿ ನಿಂತು ಕೇಳಿಸಿಕೊಂಡೆ.

ಈ ವರ್ಷದ ಮೇ ತಿಂಗಳಲ್ಲಿ ಅಕ್ಕನ ಫೋನ್ ಬಂತು. ನೇತ್ರಾ ಹತ್ತನೇತ್ತಿನಲ್ಲಿ ಎಲ್ಲ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾಗಿ ಕೂತಿದ್ದಳು. ಎರಡನೇ ಪರೀಕ್ಷೆಗೆ ಮೂರು ವಾರ ಇತ್ತು. ಅಕ್ಕ ಬಹಳ ಹೊತ್ತು ಬಿಸಿಲು, ನೀರು ಅಂತ ಮಾತಾಡಿ ಕೊನೆಗೆ ಹೇಳಿದಳು. "ಇಪ್ಪತ್ತ ದಿನ ನಿನ್ನ ಹಂತೇಕ ಇರಲಿ. ನಿನ್ನಕಿಂತ ಚಲೋ ಇಂಗ್ಲಿಷ್ ಯಾರ ಹೇಳಿಕೊಡತಾರ?" ಆಮೇಲೆ, "ದಾಕ್ಷಿ, ಆಣಿ ನೆನಪೈತಲ್ಲ?"

"ಐತಿ," ಅಂದೆ. ಫೋನ್ ಇಟ್ಟು ಇಡೀ ಮನೆ ಎರಡು ಸಲ ಗುಡಿಸಿದೆ.

ಧಾರವಾಡದಲ್ಲಿ ಓದುತ್ತಿರುವ ಅಭಿಷೇಕನ ಕೋಣೆ ಖಾಲಿ ಇತ್ತು. ನೇತ್ರಾ ಅಲ್ಲಿ ಬ್ಯಾಗ್ ಇಟ್ಟಳು. ಹದಿನಾರು ವರ್ಷದ ಹುಡುಗಿ, ನನ್ನ ಭುಜ ದಾಟಿದ್ದಾಳೆ. ಊಟಕ್ಕೆ ಕೂತರೆ ಮೊದಲು ಉಳ್ಳಾಗಡ್ಡಿ ತಿನ್ನುತ್ತಾಳೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಬಲಗಾಲಿನ ಚಪ್ಪಲಿಯನ್ನೇ ಮೊದಲು ಬಿಡುತ್ತಾಳೆ. ಇವೆಲ್ಲ ನನಗೆ ಗೊತ್ತೇ ಇರಲಿಲ್ಲ. ಮೊದಲ ದಿನ ಅವಳ ಒದ್ದೆ ಟವೆಲ್ಲನ್ನು ಹಗ್ಗದ ಮೇಲೆ ಹಾಕುತ್ತ ಸುಮ್ಮನೆ ನಿಂತುಬಿಟ್ಟಿದ್ದೆ. ಹಣಮಂತ ನೋಡಿದ. ಸೈಕಲ್ ತೆಗೆದುಕೊಂಡು ಕಾಲುವೆಗೆ ಹೋದ.

ಪಾಠಕ್ಕೆ ಹಿಂದಿನ ಮನೆಯ ನಬಿಲಾಲರ ಮಗಳು ತಬಸ್ಸುಮಳೂ ಬಂದಳು. ಅವಳೂ ಇಂಗ್ಲಿಷಿನಲ್ಲೇ ಕೂತವಳು, ಆದರೆ ಅದರ ದುಃಖ ಎಳ್ಳಷ್ಟೂ ಇರಲಿಲ್ಲ. ಮೊದಲ ವಾರ ಪದ್ಯ, ಪತ್ರ ಅಂತ ಮುಗಿಸಿ ಎರಡನೇ ವಾರ ನನ್ನ ಪ್ರೀತಿಯ ಪಾಠಕ್ಕೆ ಬಂದೆ. ಅಡುಗೆಮನೆಯಲ್ಲೇ ಕೂರಿಸಿ ಮೂರು ರೊಟ್ಟಿ ಬಡಿದೆ. ಒಂದು ತೆಳು, ಒಂದು ಅದಕ್ಕಿಂತ ತೆಳು, ಒಂದು ಎಲ್ಲಕ್ಕಿಂತ ತೆಳು.

"ಥಿನ್, ಥಿನ್ನರ್, ಥಿನ್ನೆಸ್ಟ್. ಕೊನಿ ಅಕ್ಷರ ಜೋಡಿ ಆಗತೈತಿ, ನೋಡಿಕೊಂಡ ಬರೀರಿ. ಕನ್ನಡದಾಗ ತೆಳ್ಳಗ ಅನ್ನೂ ಮಾತು ತೆಳ್ಳಗಂತನ ಉಳೀತೈತಿ. ಇದಕಿಂತ, ಎಲ್ಲಾದ್ರಕಿಂತ ಅಂತ ಮುಂದ ಹಚ್ಚತೇವಿ. ಇಂಗ್ಲಿಷಿನ್ಯಾಗ ಹಂಗಲ್ಲ, ಮಾತಿನ ಬಾಲನ ಬದಲ ಆಗತೈತಿ."

"ಎಲ್ಲಾದ್ರಕಿಂತ ತೆಳ್ಳಂದು ನನಗಿರ್ಲಿ ಟೀಚರ್," ಅಂದಳು ತಬಸ್ಸುಮ.

ಸಣ್ಣ ಮಾತಿಗೆ ಬಾಲ, ದೊಡ್ಡ ಮಾತಿಗೆ ಮುಂದೆ ಮೋರ್ ಮತ್ತು ಮೋಸ್ಟ್ ಎಂಬ ಎರಡು ಗೂಟ. ಬ್ಯೂಟಿಫುಲ್ಲಿಗೆ ಬಾಲ ಕಟ್ಟಲು ಹೋದರೆ ನಾಲಿಗೆ ಹೊರಳುವುದಿಲ್ಲ. ಫಾಸ್ಟ್, ಹಾರ್ಡ್ ಇವು ಕ್ರಿಯೆಗೆ ಹತ್ತಿದಾಗಲೂ ಫಾಸ್ಟರ್, ಹಾರ್ಡರ್. ಸ್ಲೋಲಿ, ಸಾಫ್ಟ್‌ಲಿ ಅಂಥವಕ್ಕೆ ಮತ್ತೆ ಮೋರ್. ಗುಡ್ ಮತ್ತು ಬ್ಯಾಡ್ ಮಾತ್ರ ಯಾರ ಮಾತೂ ಕೇಳದ ಮನೆಹಾಳ ಮಕ್ಕಳು; ಅವುಗಳ ರೂಪವೇ ಬೇರೆಯಾಗಿಬಿಡುತ್ತದೆ. ನೇತ್ರಾ ಎಲ್ಲ ಬೇಗ ಹಿಡಿದಳು. ಒಂದೇ ತಪ್ಪು ಬಿಡಲೊಲ್ಲಳು. ಪ್ರತಿ ಸಲ ಮೋರ್ ಬೆಟರ್ ಅಂತ ಬರೆಯುತ್ತಿದ್ದಳು. ನಾನು ಕೂಗಾಡಿದೆ. "ಬೆಟರ್ ಅಂದ್ರನ ಹೆಚ್ಚಾತು, ಮತ್ಯಾಕ ಮೋರ್? ಸಾರಿಗೆ ಎರಡ ಸಲ ಉಪ್ಪು ಹಾಕತಿಯೇನ?"

"ತಪ್ಪಾತ್ರಿ ಸಣ್ಣವ್ವಾ," ಅಂದು ರಬ್ಬರಿನಿಂದ ಅಳಿಸಿದಳು. ಮರುದಿನ ಮತ್ತೆ ಎರಡು ಸಲ ಉಪ್ಪು.

ಒಂದು ದಿನ ತಬಸ್ಸುಮಳಿಗೆ 'ಇದು ಅದರಷ್ಟೇ' ಅನ್ನುವ ವಾಕ್ಯ ಮಾಡಲು ಹೇಳಿದೆ. ಅವಳು ನನ್ನನ್ನು ನೋಡಿದಳು, ನೇತ್ರಾಳನ್ನು ನೋಡಿದಳು, ಬರೆದಳು, ಗಟ್ಟಿಯಾಗಿ ಓದಿದಳು. "ನೇತ್ರಾಸ್ ನೋಸ್ ಈಸ್ ಆ್ಯಸ್ ಲಾಂಗ್ ಆ್ಯಸ್ ಟೀಚರ್ಸ್ ನೋಸ್." ನೇತ್ರಾಳ ಮೂಗು ಟೀಚರ ಮೂಗಿನಷ್ಟೇ ಉದ್ದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕಾಶೆವ್ವನದು ಚಪ್ಪಟೆ ಮೂಗು, ಈಶ್ವರನದೂ ಅಷ್ಟೇ.

"ಕರೆಕ್ಟ್ ಐತಿ," ಅಂದೆ, ವ್ಯಾಕರಣಕ್ಕೆ.

"ನಮ್ಮವ್ವನ ತಂಗಿ ಅಲ್ಲೇನ, ಮೂಗು ಬಂದೀತ ಬಿಡ," ಅಂದು ನೇತ್ರಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಆವತ್ತು ನಾನೊಂದು ಕಳ್ಳತನ ಮಾಡಿದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಮನೆಯವರ ಬಗ್ಗೆ ಹೋಲಿಕೆಯ ಹತ್ತು ವಾಕ್ಯ ಬರೆದು ತಾ ಅಂತ ನೇತ್ರಾಳಿಗೆ ಹೇಳಿದೆ. ಅಭ್ಯಾಸಕ್ಕೆ ಅಂದೆ. ಅಭ್ಯಾಸಕ್ಕಲ್ಲ. ಅವಳ ಲೆಕ್ಕದಲ್ಲಿ ನಾನು ಎಲ್ಲಿ ನಿಂತಿದ್ದೇನೆ ಅಂತ ನೋಡಬೇಕಿತ್ತು.

ಸಂಜೆ ನೋಟ್‌ಬುಕ್ ಕೈಗೆ ಬಂತು. ಇಂಗ್ಲಿಷಿನಲ್ಲಿದ್ದ ಆ ವಾಕ್ಯಗಳ ಅರ್ಥ ಹೀಗೆ. ನನ್ನ ಅವ್ವ ಹುಕ್ಕೇರಿಯಲ್ಲೇ ಎಲ್ಲರಿಗಿಂತ ಒಳ್ಳೆಯ ಅವ್ವ. ಅವ್ವ ಸಣ್ಣವ್ವನಿಗಿಂತ ಮೆತ್ತಗೆ ಮಾತಾಡುತ್ತಾಳೆ. ಸಣ್ಣವ್ವನಿಗೆ ಅವ್ವನಿಗಿಂತ ಬೇಗ ಸಿಟ್ಟು ಬರುತ್ತದೆ. ಅವ್ವನ ರೊಟ್ಟಿ ಸಣ್ಣವ್ವನ ರೊಟ್ಟಿಗಿಂತ ತೆಳು. ಸಣ್ಣವ್ವ ಅವ್ವನಿಗಿಂತ ಜಾಣೆ. ಹೀಗೇ ಎಂಟರ ತನಕ. ಒಂಬತ್ತನೆಯದು: ಸಣ್ಣವ್ವ ನನ್ನನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತಾರೆ. ಹತ್ತನೆಯದು ಈಶ್ವರನ ಸ್ಕೂಟರಿನ ಬಗ್ಗೆ.

ಮೋರ್ ಬೆಟರ್ ಎಲ್ಲೂ ಇರಲಿಲ್ಲ. ಒಂದೊಂದಕ್ಕೂ ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿದೆ. ಒಂಬತ್ತನೆಯದಕ್ಕೆ ಹಾಕುವಾಗ ಹಾಳೆ ಹರಿಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣಕ್ಕೆ ಹೆತ್ತವಳು ಯಾರು ಅಂತ ಗೊತ್ತಿಲ್ಲದಿದ್ದರೆ ಏನು ಮಾಡಬೇಕು, ಅದಕ್ಕೆ ಗಾದೆ ಇಲ್ಲ. ನನಗೆ ಅಳು ಬಂತು, ಅತ್ತೆ. ಆಮೇಲೆ ಹತ್ತಕ್ಕೆ ಹತ್ತು ಅಂತ ಬರೆದು ಕೊಟ್ಟೆ.

ಹದಿನಾಲ್ಕನೇ ದಿನ ಅವಳಿಗೆ ಜ್ವರ ಬಂತು. ಬಿಸಿಲಿನ ಜ್ವರ, ಡಾಕ್ಟರು ಗುಳಿಗೆ ಕೊಟ್ಟು ಒದ್ದೆ ಅರಿವೆ ಹಾಕಿ ಅಂದರು. ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತು ಹಣೆಯ ಅರಿವೆ ಬದಲಿಸುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಅವಳಿಗೆ ಜ್ವರ ಬಂದದ್ದು ನನಗೆ ಒಳಗೊಳಗೇ ಹಬ್ಬವಾಗಿತ್ತು. ಯಾರ ಹಂಗೂ ಇಲ್ಲದೆ ಅವಳನ್ನು ಮುಟ್ಟಬಹುದಿತ್ತು. ಕೂದಲು ಹಿಂದೆ ಸರಿಸಿದೆ, ಕಿವಿಯ ಹಿಂದಿನ ಮಚ್ಚೆ ನೋಡಿದೆ. ಮೂರು ತಿಂಗಳ ಕೂಸಿನಲ್ಲಿ ಸಾಸಿವೆಯಷ್ಟಿದ್ದದ್ದು ಈಗ ಮೆಣಸಿನಕಾಳಿನಷ್ಟಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಅವಳು ಕಣ್ಣು ಮುಚ್ಚಿಕೊಂಡೇ ಕರೆದಳು. "ಅವ್ವಾ."

"ಓ," ಅಂದೆ.

ಬಾಯಿ ತಾನಾಗೇ ಅಂದುಬಿಟ್ಟಿತು. ಹದಿನಾರು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದ ಓ ಅದು. ಅವಳು ಕಣ್ಣು ಬಿಟ್ಟಳು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ನೀವೇನ್ರಿ ಸಣ್ಣವ್ವಾ. ಅವ್ವಗ ಫೋನ್ ಹಚ್ಚರಿ."

ಹಚ್ಚಿದೆ. ಮತ್ತೇನು ಮಾಡಲಿ.

ಹುಕ್ಕೇರಿಯಿಂದ ಗೋಕಾಕಕ್ಕೆ ಒಂದು ಬಸ್ಸು, ಅಲ್ಲಿಂದ ಮೂಡಲಗಿಗೆ ಇನ್ನೊಂದು. ಒಂದೂವರೆಗೆ ಅಕ್ಕ ಬಾಗಿಲಲ್ಲಿದ್ದಳು. ಯಾರ ಮನೆಗೆ ಹೋದರೂ ಮೊದಲು ಕಾಲಿಗೆ ನೀರು ಕೇಳುವ ಕಾಶೆವ್ವ ಚಪ್ಪಲಿಯಲ್ಲೇ ಒಳಗೆ ಬಂದಳು. ಹುಡುಗಿ ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಎರಡೇ ನಿಮಿಷದಲ್ಲಿ ನಿದ್ದೆಹೋದಳು. ಬೆಳಿಗ್ಗೆಯಿಂದ ನಾನು ಹಾಕಿದ ಅರಿವೆ, ಕೊಟ್ಟ ಗುಳಿಗೆ ಯಾವುದಕ್ಕೂ ಬಾರದ ನಿದ್ದೆ.

ಸೆರಗು ಬಿಡಿಸಿಕೊಂಡು ಅಕ್ಕ ಅಡುಗೆಮನೆಗೆ ಬಂದಳು. ನಾನು ಚಹಾಕ್ಕೆ ಇಟ್ಟಿದ್ದೆ. ಸಿಟ್ಟು ನೆತ್ತಿಗೇರಿತ್ತು.

"ಅಕ್ಕಾ, ಹದಿನಾರು ವರ್ಷಾತು. ಇನ್ನ ಹೇಳೂನು."

ಅವಳು ಬೆಚ್ಚಲಿಲ್ಲ. ಇದನ್ನು ಕೇಳಲಿಕ್ಕೇ ಎರಡು ಬಸ್ಸು ಹತ್ತಿ ಬಂದವಳ ಹಾಗೆ ಕೂತಳು. "ಹೇಳಿದ್ರ ಏನಾಗತೈತಿ?"

"ಏನೂ ಆಗೂದಿಲ್ಲ. ಅಕಿ ನಿನ್ನ ಬಿಟ್ಟ ಬರೂದಿಲ್ಲ. ಬರೂದೂ ಬ್ಯಾಡ. ಒಂದ ಸಲ ನನಗ ಅವ್ವಾ ಅಂದ್ರ ಸಾಕು. ಒಂದ ಸಲ."

"ದಾಕ್ಷಿ, ನೀ ಸಾಲಿ ಕಲಸಾಕಿ, ನಾ ಏಳನೇತ್ತ ಓದಿದಾಕಿ. ನನಗ ತಿಳಿದಷ್ಟ ಹೇಳತೇನಿ. ಇವತ್ತ ಅಕಿಗೆ ನಾ ಅವ್ವ. ಚಲೋ ಅವ್ವೋ, ಕೆಟ್ಟ ಅವ್ವೋ, ಅವ್ವ ಅಷ್ಟ. ನಾಳೆ ನೀ ಹೇಳಿದ ಮ್ಯಾಲ ನಾ ಇಬ್ಬರೊಳಗ ಒಬ್ಬಾಕಿ. ನಾ ಬೈದ್ರೂ ಅಕಿ ಅಳತಿ ಹಚ್ಚತಾಳ, ನೀ ಮುದ್ದು ಮಾಡಿದ್ರೂ ಅಳತಿ ಹಚ್ಚತಾಳ. ಯಾಕಿ ಹೆಚ್ಚು, ಯಾಕಿ ಕಡಿಮಿ. ಆ ಕಣ್ಣು ನನಗ ತಡಕೊಳ್ಳಾಕ ಆಗೂದಿಲ್ಲವಾ."

"ಅಳತಿ ಆಗಲೇ ಹಚ್ಯಾಳ," ಅಂದೆ. ಹೋಗಿ ನೋಟ್‌ಬುಕ್ ತಂದೆ. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಅರ್ಥ ಹೇಳಿದೆ, ಹಟಕ್ಕೆ ಬಿದ್ದು. "ನೋಡು, ಜಾಣತನ ಒಂದ ಬಿಟ್ಟ ಎಲ್ಲಾದ್ರಾಗೂ ನೀನ ಮ್ಯಾಲ. ನಾ ಬಂದ್ರ ನಿಂದ ಏನ ಕಡಿಮಿ ಆಗತೈತಿ?" ಅಕ್ಕ ರೊಟ್ಟಿಯ ವಾಕ್ಯಕ್ಕೆ ಸ್ವಲ್ಪ ನಕ್ಕಳು ಕೂಡ. ಒಂಬತ್ತನೆಯದನ್ನು ನಾನು ಬೇಗ ದಾಟಿಸಿ ಸ್ಕೂಟರಿಗೆ ಹೋದೆ.

"ಅದರ ಹಿಂದಿಂದು ಇನ್ನೊಮ್ಮೆ ಓದು," ಅಂದಳು ಅಕ್ಕ.

ಓದಿದೆ. ಸಣ್ಣವ್ವ ನನ್ನನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತಾರೆ.

ಅಕ್ಕ ಕೈ ಚಾಚಿ ಆ ಹಾಳೆಯ ಹರಿದ ಜಾಗವನ್ನು ಬೆರಳಿನಿಂದ ಸವರಿದಳು. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವಳೇ ಎದ್ದು ಒರೆಸಿದಳು, ಬಹಳ ಹೊತ್ತು ಒರೆಸಿದಳು. ಎರಡು ದಿನ ಇದ್ದು, ಜ್ವರ ಇಳಿದ ಮೇಲೆ ಹುಕ್ಕೇರಿಗೆ ಹೋದಳು.

ನಾನು ಮತ್ತೆ ಕೇಳಲಿಲ್ಲ. ಕೇಳಬಾರದು ಅಂತ ದೊಡ್ಡ ಮನಸ್ಸು ಮಾಡಿದೆ ಅಂತಲ್ಲ. ಅವಳ ಮುಖ ನೆನಪಾಗುತ್ತಿತ್ತು. ಹನ್ನೊಂದು ವರ್ಷ ಬರಿಗೈಯಲ್ಲಿ ಕೂತವಳ ಕೈಗೆ ನಾನೇ ಇಟ್ಟದ್ದನ್ನು ನಾನೇ ಮೂಲೆಯಲ್ಲಿ ಹಿಡಿದು ಎಳೆಯುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಉಳಿದ ನಾಲ್ಕು ದಿನ ಪಾಠ ಮಾತ್ರ ಮಾಡಿದೆ. ನೇತ್ರಾ ಸ್ನಾನಕ್ಕೆ ಹೋದಾಗ ಅವಳ ಹಾಸಿಗೆ ಮಡಚುವ ನೆಪದಲ್ಲಿ ದಿಂಬಿಗೆ ಮುಖ ಒತ್ತಿಕೊಳ್ಳುತ್ತಿದ್ದೆ, ಅಷ್ಟೇ.

ಪರೀಕ್ಷೆ ಹುಕ್ಕೇರಿಯಲ್ಲಿ. ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೇ ಅಕ್ಕ ಕರೆದೊಯ್ಯಲು ಬಂದಳು. ಚಹಾ ಕುಡಿದು ನೇತ್ರಾಳನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಕೂತರು. ಅಡುಗೆಮನೆಯ ಕಿಟಕಿಯಿಂದ ಬೆನ್ನುಗಳು ಕಾಣುತ್ತಿದ್ದವು. ಅಕ್ಕ ಮಾತಾಡುತ್ತಿದ್ದಳು, ಹುಡುಗಿ ತಲೆ ಬಗ್ಗಿಸಿದ್ದಳು. ಪರೀಕ್ಷೆಗೆ ಧೈರ್ಯ ಹೇಳುತ್ತಿರಬೇಕು ಅಂದುಕೊಂಡು ನಾನು ಬುತ್ತಿ ಕಟ್ಟಿದೆ. ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಕಟ್ಟಿ ಮುಗಿದರೂ ಅವರು ಎದ್ದಿರಲಿಲ್ಲ. ಒಳಗೆ ಬಂದಾಗ ನೇತ್ರಾಳ ಕಣ್ಣು ಕೆಂಪಾಗಿದ್ದವು.

"ಅಂಜಬ್ಯಾಡ, ಪಾಸ್ ಆಗತಿ," ಅಂದೆ. ಅವಳು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

ಪಕ್ಕದ ಮನೆಯ ಇಂದ್ರವ್ವ ಕುಂಕುಮದ ಬಟ್ಟಲು ಹಿಡಿದು ಬಂದಳು. ಎಪ್ಪತ್ತೈದರ ಮುದುಕಿ, ನಮ್ಮ ಓಣಿಯ ಶಾಸ್ತ್ರವೆಲ್ಲ ಅವಳ ಕೈಯಲ್ಲಿ. ನಾವು ಈ ಓಣಿಗೆ ಬಂದದ್ದು ನನಗೆ ನೌಕರಿ ಸಿಕ್ಕ ಮೇಲೆ, ಅವಳಿಗೆ ನಮ್ಮ ಹಳೆಯ ಕತೆ ಗೊತ್ತಿಲ್ಲ. "ದೊಡ್ಡಾಕಿ ಆದ ಮ್ಯಾಲ ಮೊದಲನೇ ಸಲ ಸಣ್ಣವ್ವನ ಮನಿಗೆ ಬಂದೈತಿ ಹುಡುಗಿ, ಉಡಿ ತುಂಬಿ ಕಳಸಬೇಕವಾ," ಅಂದಿದ್ದವಳೂ ಅವಳೇ.

ನೇತ್ರಾ ಮಣೆಯ ಮೇಲೆ ನಿಂತು ಚೂಡಿದಾರದ ವೇಲನ್ನು ಒಡ್ಡಿದಳು. ನಾನು ಅಕ್ಕಿ ಡಬ್ಬಿಯಿಂದ ಐದು ಹಿಡಿ ಅಕ್ಕಿ ತಂದು ಹಾಕಿದೆ. ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು. ಹದಿನಾರು ವರ್ಷದ ಹಿಂದೆ ಇನ್ನೊಬ್ಬಳ ಸೆರಗಿನಲ್ಲಿ ಇವಳನ್ನೇ ಹಾಕಿದ ಕೈ ಇದು. ಇಂದ್ರವ್ವ ಕುಂಕುಮ ಹಚ್ಚಿದಳು. "ಗಂಟ ಹಾಕ್ಕೋ, ಒಂದ ಕಾಳ ಕೆಳಗ ಬೀಳಬಾರದು," ಅಂದಳು.

ನೇತ್ರಾ ಗಂಟು ಹಾಕಿಕೊಳ್ಳಲಿಲ್ಲ. ಎಡಗೈಯಲ್ಲಿ ಉಡಿ ಹಿಡಿದುಕೊಂಡು ಸೀದಾ ಅಡುಗೆಮನೆಗೆ ಹೋದಳು. ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಳು. ಉಡಿಯಿಂದ ಒಂದು ಹಿಡಿ ತುಂಬಿ ತೆಗೆದು ಡಬ್ಬಿಗೆ ಸುರಿದಳು.

"ಅಯ್ಯ, ಏನ ಮಾಡಿದಿ ಹುಡುಗಿ!" ಇಂದ್ರವ್ವ ಹೌಹಾರಿದಳು. "ಅದು ಹುಟ್ಟಿದ ಮನ್ಯಾಗ ಅಷ್ಟ ಮಾಡೂದು. ಸಣ್ಣವ್ವನ ಮನ್ಯಾಗ ಹಾಕಬಾರದು. ತಗಿ, ತಗಿ ಅದನ್ನ!"

"ಗೊತ್ತೈತ್ರಿ ಆಯಿ," ಅಂದಳು ನೇತ್ರಾ. "ಇಲ್ಲೇ ಹಾಕಬೇಕಂತ ಅವ್ವ ಹೇಳ್ಯಾಳ."

ಕಾಶೆವ್ವ ಹೊಸ್ತಿಲಿನ ಆಚೆ ನಮಗೆ ಬೆನ್ನು ಮಾಡಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಎರಡು ಚಪ್ಪಲಿ ಹಾಕಿಕೊಳ್ಳಲು ಅಷ್ಟು ಹೊತ್ತು ಬೇಕಾಗುವುದಿಲ್ಲ. ಅವಳು ಈ ಕಡೆ ತಿರುಗಲಿಲ್ಲ.

ಈ ಒಂದು ಗಳಿಗೆಗಾಗಿ ನಾನು ಎಷ್ಟು ಮಾತು ಜೋಡಿಸಿಟ್ಟಿದ್ದೆ ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಸೊಕ್ಕಿನದೂ ಹೇಳಬೇಕಿತ್ತು, ಮಲ್ಲಿಗೆಯದೂ ಹೇಳಬೇಕಿತ್ತು, ತಪ್ಪಾಯಿತು ಅನ್ನಬೇಕಿತ್ತು. ಹುಡುಗಿ ಎದುರಿಗೆ ಬಂದು ನಿಂತಳು. ನನ್ನ ಬಾಯಿಂದ ಬಂದದ್ದು ಇಷ್ಟು: "ಬೆಟರಿನ ಮುಂದ ಮೋರ್ ಬರೀಬ್ಯಾಡ."

"ಬರಿಯೂದಿಲ್ಲ," ಅಂದಳು. ಬಗ್ಗಿ ಕಾಲು ಮುಟ್ಟಿದಳು. ಏಳುವಾಗ ಅವಳ ಹಣೆ ನನ್ನ ಹೆಗಲಿಗೆ ತಾಗಿತು, ಅಲ್ಲೇ ಸ್ವಲ್ಪ ಹೊತ್ತು ಇತ್ತು. "ಬರತೇನಿ ಸಣ್ಣವ್ವಾ. ನೀ ಬಿಸಲಾಗ ಭಾಳ ಅಡ್ಡಾಡಬ್ಯಾಡ."

ಇಬ್ಬರೂ ಓಣಿಯ ತುದಿ ದಾಟಿದರು. ಅಕ್ಕ ಅವಳ ಬ್ಯಾಗ್ ಹಿಡಿದಿದ್ದಳು, ಅವಳು ಅಕ್ಕನ ಕೈ ಹಿಡಿದಿದ್ದಳು. ಇಂದ್ರವ್ವ ನನ್ನ ಮುಖ ನೋಡಿದಳು, ಒಳಗೆ ಡಬ್ಬಿಯ ಕಡೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಕುಂಕುಮದ ಬಟ್ಟಲು ಎತ್ತಿಕೊಂಡು ತನ್ನ ಮನೆಗೆ ಹೋದಳು.

ನೇತ್ರಾ ನನ್ನನ್ನು ಅವ್ವಾ ಅನ್ನಲಿಲ್ಲ. ಆ ಆಸೆ ನನಗೆ ಹೋಗಿಲ್ಲ, ಹೋಗುವುದೂ ಇಲ್ಲ. ಈಗಲೂ ಫೋನ್ ಬಡಿದುಕೊಂಡಾಗೆಲ್ಲ ಮೊದಲು ಅದನ್ನೇ ನೆನೆಯುತ್ತೇನೆ.

ಆವತ್ತು ಮಧ್ಯಾಹ್ನ ಅನ್ನಕ್ಕಿಡಲು ಡಬ್ಬಿ ತೆರೆದೆ. ಅದೇ ಅಕ್ಕಿ, ಅದೇ ಡಬ್ಬಿ. ಅವಳು ಹಾಕಿದ್ದು ಎಲ್ಲಿ, ಮೊದಲಿದ್ದದ್ದು ಎಲ್ಲಿ, ಏನೂ ತಿಳಿಯುವಂತಿರಲಿಲ್ಲ. ಸೇರು ಪಕ್ಕದಲ್ಲೇ ಇತ್ತು. ನಾನು ಅಳೆಯಲಿಲ್ಲ.